ಇರೆಯಿ ಮೇಷ್ಟ್ರ ಬೆಲ್ಟು

ಇರೆಯಿ ಜೆಂಕಿಚಿ ಮೇಷ್ಟ್ರ ಸೊಂಟದ ಕರಾಟೆ ಬೆಲ್ಟು ಒಂದು ಕಾಲದಲ್ಲಿ ಕಪ್ಪಗಿತ್ತು ಎಂದರೆ ಈಗಿನ ಹುಡುಗರು ನಂಬುತ್ತಿರಲಿಲ್ಲ. ಮೇಲಿನ ಕಪ್ಪು ಬಟ್ಟೆ ಸವೆದು ಉದುರಿ, ಒಳಗಿನ ಬಿಳಿ ಹತ್ತಿ ಹೊರಬಿದ್ದು, ಆ ಬಿಳಿಯೂ ಬೆವರು ಕುಡಿದು ಕುಡಿದು ಒಣಮೀನಿನ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ನೂಲು ಜೋತಾಡುತ್ತಿತ್ತು. ಅವರಿದ್ದ ನಾಹಾ ಊರಿನಲ್ಲಿ ಹೊಸ ಬೆಲ್ಟನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಹಳತು ಮಾಡಿಕೊಂಡು ಮೆರೆಯುವ ಜಂಭಗಾರರು ಬೇಕಾದಷ್ಟು ಜನ ಇದ್ದಾರೆ. ಅಂಥವರು ಇರೆಯಿ ಮೇಷ್ಟ್ರ ಬೆಲ್ಟನ್ನು ಕಂಡರೆ ತಮ್ಮದನ್ನು ಜಾಕೀಟಿನೊಳಗೆ ಸರಿಸಿಕೊಳ್ಳುತ್ತಿದ್ದರು.

ಆ ಬೆಲ್ಟಿಗೆ ಅದರದ್ದೇ ಮಡಿ. ನೀರು ತಾಗಿಸುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ, ಸೂಜಿ ಮುಟ್ಟಿಸುವಂತಿಲ್ಲ. ನೆನೆದ ಬೆವರು ನೆರಳಿನ ಗಾಳಿಯಲ್ಲೇ ಆರಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಇದ್ದಿಲು ಇಟ್ಟ ಪೆಟ್ಟಿಗೆಯಲ್ಲಿ ಮಡಿಸಿಡಬೇಕು. "ಬೆಲ್ಟಿಗೆ ತೇಪೆ ಹಾಕೋನು ನಾಳೆ ತನ್ನ ವರಸೆಗೂ ತೇಪೆ ಹಾಕ್ತಾನೆ" ಎನ್ನುವುದು ಮೇಷ್ಟ್ರ ಮಾತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ಅದನ್ನು ಎಣಿಸಿ ನೋಡುವ ಧೈರ್ಯ ಆ ಗರಡಿಯಲ್ಲಿ ಯಾರಿಗೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಹೊಸ ವರ್ಷದ ಮೊದಲ ಅಭ್ಯಾಸದ ದಿನ, ಅವರು ಶಿಷ್ಯರನ್ನೆಲ್ಲ ಕೂರಿಸಿಕೊಂಡು ಇನ್ನೊಂದು ಮಾತು ಆಡಿದ್ದರು. "ಇದು ದೊಡ್ಡ ಮೇಷ್ಟ್ರು ಕೈಯಾರೆ ನನ್ನ ಸೊಂಟಕ್ಕೆ ಕಟ್ಟಿದ್ದು. ಇದು ಹರಿದ ದಿನ ನಾನು ಈ ನೆಲದಿಂದ ಇಳೀತೀನಿ. ಇನ್ನೊಂದು ಕಟ್ಟಲ್ಲ. ಯಾರೂ ತಂದುಕೊಡೋಕೂ ಹೋಗ್ಬೇಡಿ." ದೊಡ್ಡ ಮೇಷ್ಟ್ರು ಎಂದರೆ ಅವರ ಗುರು, ಆಗಲೇ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಶಿಷ್ಯರು ಕಣ್ಣೊರೆಸಿಕೊಂಡರು. ಮೇಷ್ಟ್ರ ತಂಗಿ ತೊಮಿ ಮಾತ್ರ ಅಡುಗೆಮನೆಯಿಂದಲೇ, "ಅದು ಹರಿಯೋಕೆ ಮುಂಚೆ ನೀನೇ ಹರಿದು ಹೋಗ್ತೀಯ, ನೋಡ್ತಿರು" ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಈಗ ಆ ಮಾತು ನೆನೆದರೆ ಮಗಳು ಹಿಸಾಯೊಗೆ ನಗು ಬರುತ್ತಿರಲಿಲ್ಲ. ಗಂಡನನ್ನು ಬಿಟ್ಟು ಬಂದಾಗಿನಿಂದ ಅವಳು ಗರಡಿಯ ಮೇಲಿನ ಮಹಡಿಯಲ್ಲಿ ಅಪ್ಪನ ಜೊತೆಯೇ ಇದ್ದಳು. ಮಾರುಕಟ್ಟೆಯ ಓಣಿಯಲ್ಲಿ ಅವಳದೊಂದು ಸಣ್ಣ ಸೋಬಾ ಶಾವಿಗೆಯ ಅಂಗಡಿ. ಈ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ಹಂದಿಮೂಳೆಯ ಸಾರು ಕುದಿಸುತ್ತಿದ್ದಾಗ ಗರಡಿಯ ಹುಡುಗನೊಬ್ಬ ಬರಿಗಾಲಲ್ಲಿ ಓಡಿ ಬಂದಿದ್ದ. ಅಪ್ಪ ಸಾಂಚಿನ್ ಹಾಕುತ್ತ ಹಾಕುತ್ತ ಕುಸಿದು ಬಿದ್ದಿದ್ದರು.

ಸಾಂಚಿನ್ ನೋಡಲು ಏನೂ ಅಲ್ಲ. ಕೆಲವೇ ಹೆಜ್ಜೆಯ ನಿಧಾನದ ವರಸೆ. ಆದರೆ ಪಾದ ನೆಲವನ್ನು ಕಚ್ಚಬೇಕು, ಮೈಯೆಲ್ಲ ಕಲ್ಲಿನ ಹಾಗೆ ಬಿಗಿಯಬೇಕು, ಕಿಬ್ಬೊಟ್ಟೆಯಿಂದ ಉಸಿರನ್ನು ಒತ್ತಿ ಒತ್ತಿ ಹೊರಗೆ ತಳ್ಳಬೇಕು. ಗಟ್ಟಿ ಹುಡುಗರೂ ಮುಗಿಸಿದ ಮೇಲೆ ಗೋಡೆ ಹಿಡಿದು ನಿಲ್ಲುತ್ತಾರೆ. ಮೇಷ್ಟ್ರಿಗೆ ಎಂಬತ್ತೈದು.

ಆಸ್ಪತ್ರೆಯ ಡಾಕ್ಟರು ಅಪ್ಪ ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. "ನಡೀರಿ, ಗಿಡಕ್ಕೆ ನೀರು ಹಾಕಿ, ಹುಡುಗರಿಗೆ ಬೈಯಿರಿ, ಬೇಡ ಅನ್ನಲ್ಲ. ಆದ್ರೆ ಆ ಉಸಿರು ಬಿಗಿಹಿಡಿಯೋ ವರಸೆ ಮಾತ್ರ ಇನ್ನು ಬೇಡ. ಇನ್ನೊಂದ್ಸಲ ಹಾಗಾದ್ರೆ ಇಲ್ಲಿಗೆ ಕರ್ಕೊಂಡು ಬರೋಷ್ಟು ಹೊತ್ತೂ ಇರಲ್ಲ."

ಮೇಷ್ಟ್ರು ವಿನಯವಾಗಿ ತಲೆಬಾಗಿದರು. ಮನೆಗೆ ಬರುವಾಗ ಕಾರಿನಲ್ಲಿ, "ಒಳ್ಳೇ ಹುಡುಗ ಪಾಪ. ಅವನ ಹೊಟ್ಟೆ ನೋಡಿದ್ಯಾ?" ಎಂದರು. ಒಂದು ತಿಂಗಳು ಸುಮ್ಮನಿದ್ದು ಮತ್ತೆ ಗರಡಿಯ ನೆಲಕ್ಕೆ ಬಂದರು. ಸಾಂಚಿನ್ ಒಂದನ್ನು ಬಿಟ್ಟರು, ಅದೂ ಬರೀ ನವೆಂಬರಿನವರೆಗೆ. ಯಾಕೆಂದರೆ ನವೆಂಬರಿನಲ್ಲಿ ದೊಡ್ಡ ಮೇಷ್ಟ್ರ ಮೂವತ್ತಮೂರನೆಯ ವರ್ಷದ ತಿಥಿ. ಅದು ಕೊನೆಯದು. ಅದಾದ ಮೇಲೆ ಸತ್ತವರು ಸತ್ತವರಾಗಿ ಉಳಿಯುವುದಿಲ್ಲ, ದೇವರಾಗುತ್ತಾರೆ. ಅವರಿಗೆಂದು ಬೇರೆ ತಿಥಿ ಇಲ್ಲ. ದೊಡ್ಡ ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಅವರ ಹೆಸರು ಬರೆದು ಪೂಜಿಸುವ ಹಲಗೆಯನ್ನು ಜೆಂಕಿಚಿ ಮೇಷ್ಟ್ರೇ ಗರಡಿಯ ಪೀಠದಲ್ಲಿ ಇಟ್ಟುಕೊಂಡು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದರು. ಬೇರೆ ಮನೆತನದ ಹಲಗೆಯನ್ನು ತಂದಿಟ್ಟುಕೊಳ್ಳಬಾರದು ಎಂದು ನೆಂಟರು ಗೊಣಗಿದ್ದಕ್ಕೆ ಕಿವಿಗೊಟ್ಟಿರಲಿಲ್ಲ. ಕೊನೆಯ ತಿಥಿಯ ದಿನ ಹಲಗೆಯ ಎದುರು ಸಾಂಚಿನ್ ಹಾಕಿಯೇ ಕಳಿಸುವುದು ಎಂದು ಅವರು ತೀರ್ಮಾನಿಸಿ ಆಗಿತ್ತು.

ಹಿಸಾಯೊಗೆ ಅರ್ಥವಾಗಿದ್ದು ಇಷ್ಟೇ: ಆ ದಿನ ಅಪ್ಪ ಸಾಂಚಿನ್ ಹಾಕಿದರೆ ದೊಡ್ಡ ಮೇಷ್ಟ್ರ ಜೊತೆಯಲ್ಲೇ ಹೊರಡುತ್ತಾರೆ.

ತಿಥಿಗೆ ಇನ್ನು ಎರಡು ದಿನ ಇರುವಾಗ ಬೆಲ್ಟನ್ನು ಗಾಳಿಗೆ ಹಾಕುವ ಕೆಲಸ ಅವಳ ಪಾಲಿಗೆ ಬಂತು. ಅದು ಯಾವಾಗಲೂ ಹಿರಿಯ ಶಿಷ್ಯ ಚಿನೆನ್ ಮೊರಿಯೊ ಮಾಡುತ್ತಿದ್ದ ಕೆಲಸ. ತೊಮಾರಿ ಬಂದರಿನಲ್ಲಿ ಮೀನಿನ ವ್ಯಾಪಾರ ಅವನದು. "ನಮ್ಮನೆ ಹತ್ರ ಸಮುದ್ರದ ಗಾಳಿ ಚೆನ್ನಾಗಿದೆ" ಎಂದು ಬೆಲ್ಟನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು, ಒಂದೆರಡು ದಿನ ಇಟ್ಟುಕೊಂಡು ತಂದುಕೊಡುತ್ತಿದ್ದ. ಈ ಸಲ ಬಂದರಿನಲ್ಲಿ ಟ್ಯೂನಾ ಮೀನಿನ ಹೊರೆ ಬಿದ್ದು ಅವನಿಗೆ ಪುರಸೊತ್ತಿರಲಿಲ್ಲ.

ಹಿಸಾಯೊ ಬೆಲ್ಟನ್ನು ತಾರಸಿಗೆ ಒಯ್ದು ನೀರಿನ ಟ್ಯಾಂಕಿನ ನೆರಳಲ್ಲಿ ಹಗ್ಗದ ಮೇಲೆ ಹರವಿದಳು. ಸುಕ್ಕು ಬಿಡಿಸೋಣವೆಂದು ಬೆರಳು ಎಳೆದಾಗ ಏನೋ ಚುಚ್ಚಿತು. ನೋಡಿದರೆ ಬೆರಳ ತುದಿಯಲ್ಲಿ ರಕ್ತದ ಚುಕ್ಕೆ. ಹತ್ತಿಯ ನೂಲು ಚುಚ್ಚುವುದಿಲ್ಲ. ಅವಳು ಅಂಚನ್ನು ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದಳು. ಸವೆದ ಹತ್ತಿಯ ಎಳೆಗಳ ನಡುವೆ, ಬೆಳಕಿಗೆ ಹಿಡಿದರೆ ಮಾತ್ರ ಮಿನುಗುವ ಸಣ್ಣ ಸಣ್ಣ ಹೊಲಿಗೆ. ಮೀನು ಹಿಡಿಯುವ ನೈಲಾನ್ ದಾರ. ಗಂಟು ಬೀಳುವ ಜಾಗದಲ್ಲಿ ಬೆಲ್ಟು ಅಡ್ಡಕ್ಕೆ ಪೂರ್ತಿ ಎರಡು ತುಂಡಾಗಿತ್ತು. ಆ ಎರಡು ತುಂಡನ್ನು ನೈಲಾನು ಹಿಡಿದುಕೊಂಡಿತ್ತು.

ಬೆಲ್ಟನ್ನು ಏಪ್ರನ್ನಿನೊಳಗೆ ಇಟ್ಟುಕೊಂಡು ಸೀದಾ ಬಂದರಿಗೆ ಹೋದಳು.

ಮೊರಿಯೊ ರಬ್ಬರು ಬೂಟು ಹಾಕಿಕೊಂಡು ಮಂಜುಗಡ್ಡೆ ಒಡೆಯುತ್ತಿದ್ದ. ಅವಳ ಮುಖ ನೋಡಿದ್ದೇ ಸಲಿಕೆ ಕೆಳಗಿಟ್ಟ.

"ಮೊರಿಯಣ್ಣ, ಅಪ್ಪನ ಬೆಲ್ಟೊಳಗೆ ಇದೇನು?"

ಅವನು ಆಚೀಚೆ ನೋಡಿದ. "ಮೆತ್ತಗೆ ಮಾತಾಡು ತಾಯಿ."

"ಮೀನು ಹಿಡಿಯೋ ದಾರ ತಾನೆ?"

"ಹೂಂ. ಮೂರು ವರ್ಷ ಆಯ್ತು. ಮಳೆಗಾಲದಲ್ಲಿ ಗಾಳಿಗೆ ಹಾಕೋಕೆ ಬಿಡಿಸ್ತಿದ್ದೆ, ನನ್ನ ಕೈಯಲ್ಲೇ ಎರಡು ತುಂಡಾಗಿಹೋಯ್ತು. ನಂಗೆ ಜೀವ ಬಾಯಿಗೆ ಬಂತು. ಹೋಗಿ ಹೇಳಿದ್ರೆ ಮೇಷ್ಟ್ರು ಅವತ್ತೇ ನೆಲ ಬಿಡ್ತಾರೆ. ಮೇಷ್ಟ್ರು ಬಿಟ್ರೆ ಗರಡಿ ಇರುತ್ತಾ? ಅದಕ್ಕೇ ಹೊಲಿದೆ. ವರ್ಷಾ ವರ್ಷಾ ಒಂದಷ್ಟು ಬಿಗಿ ಮಾಡ್ತಾ ಬಂದೆ."

"ಹಾಗಾದ್ರೆ ಮೂರು ವರ್ಷದ ಹಿಂದೇನೇ ಅಪ್ಪ ನಿಲ್ಲಿಸ್ಬೇಕಿತ್ತು. ಏಪ್ರಿಲ್‌ನಲ್ಲಿ ಬೀಳ್ತಾನೇ ಇರ್ಲಿಲ್ಲ."

ಮೊರಿಯೊ ಬೂಟಿನ ತುದಿ ನೋಡಿದ. ಅರವತ್ತು ದಾಟಿದ ಗಂಡಸು, ತೋಳು ಒಂದೊಂದೂ ದೋಣಿಯ ಹುಟ್ಟಿನಷ್ಟು ದಪ್ಪ, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಹಿಸಾಯೊಗೆ ಅವನನ್ನು ಆ ಮಂಜುಗಡ್ಡೆಯ ರಾಶಿಗೇ ನೂಕಿಬಿಡಬೇಕು ಅನ್ನಿಸಿತು.

"ನಾಡಿದ್ದು ಅವರು ಸಾಂಚಿನ್ ಹಾಕ್ತಾರೆ. ಡಾಕ್ಟರು ಏನು ಹೇಳಿದ್ರು ಅಂತ ನಿಂಗೂ ಗೊತ್ತಲ್ವಾ?"

"ಡಾಕ್ಟರು ಹೇಳಿದ್ದು ಗೊತ್ತು. ನೀನು ಹೇಳಿದ್ಯಾ?"

"ನಾನಾ?"

"ಮಗಳಾಗಿ ನೀನು. ಅಪ್ಪ, ನಂಗೆ ಭಯ ಆಗುತ್ತೆ, ಬೇಡ ಅಂತ ಬಾಯಿಬಿಟ್ಟು ಒಂದ್ಸಲ."

ಆ ಮನೆಯಲ್ಲಿ ಭಯ ಎಂಬ ಮಾತನ್ನು ಯಾರೂ ಆಡಿದ್ದಿಲ್ಲ. ಅಮ್ಮ ಸಾಯುವಾಗಲೂ ಆಡಿರಲಿಲ್ಲ. ಚಿಕ್ಕಂದಿನಲ್ಲಿ ಅವಳೂ ಆ ನೆಲದ ಮೇಲೆ ನಿಂತವಳೇ. ಬಿದ್ದರೆ ಏಳು ಎನ್ನುತ್ತಿದ್ದರು, ನೋಯುತ್ತದೆ ಎಂದರೆ ಉಸಿರು ಬಿಡು ಎನ್ನುತ್ತಿದ್ದರು. ಬೇಡ ಅನ್ನುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಆ ದಾರಾನ ಮುಟ್ಬೇಡ ತಂಗಿ," ಎಂದ ಮೊರಿಯೊ, ಅವಳು ತಿರುಗಿ ಹೊರಟಾಗ. "ತಿಥಿ ಒಂದು ಮುಗೀಲಿ. ಆಮೇಲೆ ನಾನೇ ಹೋಗಿ ಕಾಲಿಗೆ ಬೀಳ್ತೀನಿ."

ತಿಥಿ ಮುಗಿದ ಮೇಲೆ ಯಾರ ಕಾಲಿಗೆ ಬೀಳುತ್ತಾನೆ ಇವನು, ಎಂದುಕೊಂಡಳು ಹಿಸಾಯೊ. ಮನೆಗೆ ಬಂದು ಹೊಲಿಗೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದಳು. ನೈಲಾನಿನ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋದಳು. ಕಿತ್ತು ಬಂದ ಚೂರುಗಳನ್ನು ಕಸಕ್ಕೆ ಹಾಕಿದಳು, ಬಾರದೆ ಇದ್ದದ್ದು ಒಳಗೇ ಉಳಿಯಿತು. ಎರಡೇ ಎರಡು ಹೊಲಿಗೆ ಬಿಟ್ಟಳು. ಅಪ್ಪ ಬೆಲ್ಟು ಕಟ್ಟುವ ರೀತಿ ಅವಳಿಗೆ ಗೊತ್ತಿತ್ತು. ಎರಡು ಸುತ್ತು ಸುತ್ತಿ, ಗಂಟು ಹಾಕಿ, ಎರಡೂ ತುದಿಯನ್ನು ಹಿಡಿದು ಪಟ್ಟನೆ ಒಂದು ಜಗ್ಗು ಜಗ್ಗುತ್ತಿದ್ದರು. ಆ ಸದ್ದಿಗೆ ಗರಡಿಯ ಹುಡುಗರೆಲ್ಲ ನೆಟ್ಟಗೆ ನಿಲ್ಲುತ್ತಿದ್ದರು. ಆ ಜಗ್ಗಿಗೆ ಬೆಲ್ಟು ಕಿತ್ತು ಬರುತ್ತದೆ, ನೆಲಕ್ಕೆ ಕಾಲಿಡುವ ಮುಂಚೆಯೇ. ಮೇಷ್ಟ್ರ ಮಾತು ಮೇಷ್ಟ್ರನ್ನೇ ಕಟ್ಟಿಹಾಕುತ್ತದೆ. ಅವಳು ಬಾಯಿ ತೆರೆಯಬೇಕಾಗಿಲ್ಲ. ಕತ್ತರಿಯನ್ನು ಡಬ್ಬಿಯೊಳಗೆ ಇಟ್ಟು, ಬೆಲ್ಟನ್ನು ಮೊದಲಿನ ಹಾಗೇ ಮಡಿಸಿದಳು.

ತಿಥಿಯ ದಿನ ಬೆಳಿಗ್ಗೆ ಮನೆ ತುಂಬ ಜನ. ತೊಮಿ ಅತ್ತೆ ಅಡುಗೆಮನೆಯ ಅಧಿಪತಿಯಾಗಿ ನಿಂತು, ಬೇಯಿಸಿದ ಹಂದಿಮಾಂಸ, ಗಂಟು ಹಾಕಿದ ಕಡಲಪಾಚಿ, ಕರಿದ ತೋಫುಗಳನ್ನು ಚೌಕದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದಳು. ಕೊನೆಯ ತಿಥಿ ದುಃಖದ್ದಲ್ಲ, ಅದಕ್ಕೇ ಅಕ್ಕಿಯ ಮೋಚಿ ಕಡುಬು ಬಿಳಿಯ ಬದಲು ಕೆಂಪು.

"ಹಿಸಾಯೊ, ಮಾಂಸದ ಚರ್ಮ ಮೇಲ್ಮುಖ ಇಡಬೇಕು ಕಣೆ. ಮೂವತ್ತಮೂರು ವರ್ಷ ಕಾದೋರಿಗೆ ತಲೆಕೆಳಗು ಬಡಿಸ್ತೀಯಾ? ಎಲ್ಲಿದೆ ನಿನ್ನ ಜ್ಞಾನ ಇವತ್ತು?"

ಅವಳ ಜ್ಞಾನ ಗರಡಿಯ ಮೂಲೆಯಲ್ಲಿತ್ತು. ಅಲ್ಲಿ ಮಣೆಯ ಮೇಲೆ ಹಾಸಿದ ಬಿಳಿ ಬಟ್ಟೆ, ಅದರ ಮೇಲೆ ಮಡಿಸಿದ ಬೆಲ್ಟು. ಅದನ್ನು ಮೇಷ್ಟ್ರಿಗೆ ಒಯ್ದುಕೊಡುವುದು ಹಿರಿಯ ಶಿಷ್ಯನ ಕೆಲಸ. ಮೊರಿಯೊ ಬಂದ, ಪೀಠಕ್ಕೆ ತಲೆಬಾಗಿದ, ಬೆಲ್ಟನ್ನು ಎತ್ತಿಕೊಳ್ಳಲು ಬಗ್ಗಿದ. ಬೆಲ್ಟಿನ ಕೆಳಗೆ ಅಂಗೈ ಹೋಗುತ್ತಲೇ ಅವನ ಮುಖದ ಬಣ್ಣ ಇಳಿಯಿತು. ಮೂರು ವರ್ಷ ತಾನೇ ಹೊಲಿದದ್ದರ ಬಿಗಿ ಅವನ ಕೈಗೆ ಗೊತ್ತಿರದೆ ಇರುತ್ತದೆಯೇ? ಅವನು ತಲೆಯೆತ್ತಿ ಬಾಗಿಲ ಬಳಿ ನಿಂತಿದ್ದ ಹಿಸಾಯೊಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

ಅವನು ಸರಸರನೆ ಅವಳತ್ತ ಬಂದ. "ಸೂಜಿ ಕೊಡು," ಎಂದ ಪಿಸುದನಿಯಲ್ಲಿ. "ನಾಲ್ಕು ಹೊಲಿಗೆ ಹಾಕ್ತೀನಿ. ಸಾಕು."

"ಇಲ್ಲ."

"ದೊಡ್ಡ ಮೇಷ್ಟ್ರ ಎದುರು, ಇಷ್ಟು ಜನರ ಎದುರು ಅವರ ಮಾನ ಕಳೀತೀಯಾ? ಕೊಡು ತಂಗಿ, ಕೈ ಮುಗೀತೀನಿ."

"ಮಾನ ಹೋದ್ರೆ ಹೋಗ್ಲಿ, ಅಪ್ಪ ಇರ್ತಾರಲ್ಲ."

"ಏನು ಗುಸುಗುಸು ಅಲ್ಲಿ?" ತೊಮಿ ಅತ್ತೆ ಮೋಚಿಯ ತಟ್ಟೆ ಹಿಡಿದುಕೊಂಡು ಬಂದಳು. "ಮೊರಿಯೊ, ಅಣ್ಣ ಕಾಯ್ತಿದಾನೆ. ಇಷ್ಟು ವಯಸ್ಸಾದ್ರೂ ನಿಂಗೆ ಬೇಗ ಅನ್ನೋದೇ ಗೊತ್ತಿಲ್ವಲ್ಲ."

ಇನ್ನು ಮಾತಿಗೆ ಜಾಗವಿರಲಿಲ್ಲ. ಮೊರಿಯೊ ಆ ಬೆಲ್ಟನ್ನು ತುಂಬಿದ ಬಟ್ಟಲಿನಂತೆ ಎರಡು ಕೈಯಲ್ಲಿ ಹಿಡಿದುಕೊಂಡು ಒಳಕೋಣೆಗೆ ಹೋದ. ಹಿಸಾಯೊ ಹಿಂದೆಯೇ ಹೋಗಿ ಬಾಗಿಲಿಗೆ ಒರಗಿದಳು.

ಮೇಷ್ಟ್ರು ಬಿಳಿ ಜಾಕೀಟು ತೊಟ್ಟು ನಿಂತಿದ್ದರು. ಬೆಲ್ಟನ್ನು ತೆಗೆದುಕೊಂಡು ಮಧ್ಯವನ್ನು ಹೊಕ್ಕುಳಿನ ಮೇಲೆ ಇಟ್ಟರು, ಹಿಂದಕ್ಕೆ ಸುತ್ತಿ ಮುಂದಕ್ಕೆ ತಂದರು, ಗಂಟು ಹಾಕಿದರು. ಹಿಸಾಯೊ ಉಸಿರು ಬಿಗಿಹಿಡಿದಳು. ಈಗ ಜಗ್ಗುತ್ತಾರೆ.

ಮೇಷ್ಟ್ರು ಜಗ್ಗಲಿಲ್ಲ. ಎರಡು ತುದಿಯನ್ನೂ ಬೆರಳ ತುದಿಯಲ್ಲಿ ಹಿಡಿದು, ಹೆಣ್ಣುಮಕ್ಕಳು ಮಗುವಿಗೆ ಲಂಗೋಟಿ ಕಟ್ಟುವಷ್ಟು ನಯವಾಗಿ ಬಿಗಿ ಮಾಡಿದರು. ಆಮೇಲೆ ಇಬ್ಬರನ್ನೂ ದಾಟಿಕೊಂಡು ಗರಡಿಗೆ ನಡೆದರು. ಹಿಸಾಯೊ ಹಾಕಿದ್ದ ಲೆಕ್ಕವೆಲ್ಲ ಆ ಒಂದು ಜಗ್ಗಿನ ಮೇಲಿತ್ತು.

ಶಿಷ್ಯರು ಗೋಡೆಯುದ್ದಕ್ಕೂ ಮಂಡಿಯೂರಿ ಕೂತಿದ್ದರು. ಪೀಠದ ಮುಂದೆ ಕಪ್ಪು ಊದುಬತ್ತಿಯ ಹೊಗೆ. ತೊಮಿ ಅತ್ತೆ ಕೈಜೋಡಿಸಿ ದೊಡ್ಡ ಮೇಷ್ಟ್ರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದಳು: ಇವತ್ತಿಗೆ ನಿಮ್ಮ ಲೆಕ್ಕ ಮುಗೀತು, ದೇವರಾಗಿ ಹೋಗಿ, ಇನ್ನು ನೀವು ನಮ್ಮನ್ನ ನೋಡ್ಕೋಬೇಕು, ನಾವು ನಿಮ್ಮನ್ನಲ್ಲ. ಮೇಷ್ಟ್ರು ಎದ್ದು ನೆಲದ ಮಧ್ಯಕ್ಕೆ ಹೋದರು. ಒಬ್ಬರು ವರಸೆಗೆ ನಿಂತರೆ ಅದು ಮುಗಿಯುವವರೆಗೆ ಆ ನೆಲದ ಹಲಗೆಗಳ ಮೇಲೆ ಬೇರೆಯವರ ಕಾಲು ಬೀಳುವಂತಿಲ್ಲ.

ಮೊದಲ ಹೆಜ್ಜೆ. ಪಾದ ಅರ್ಧಚಂದ್ರದಂತೆ ಸುಳಿದು ನೆಲ ಕಚ್ಚಿತು. ತೋಳುಗಳು ಎದ್ದವು. ಉಸಿರು ಒಳಗೆ ಹೋಯಿತು, ಮೂಗಿನಿಂದ, ಕೇಳಿಸುವಷ್ಟು. ಹೊಟ್ಟೆ ಬೆಲ್ಟನ್ನು ಒತ್ತಿತು.

ಹಿಸಾಯೊಗೆ ಈಗ ತಾನು ಏನು ಬೇಡಿಕೊಳ್ಳಬೇಕು ಎಂದೇ ತಿಳಿಯಲಿಲ್ಲ. ಹರಿಯಲಿ ಎಂದರೆ ಅಪ್ಪನ ಮಾನ ದೊಡ್ಡ ಮೇಷ್ಟ್ರ ಹಲಗೆಯ ಎದುರೇ ಬೀಳುತ್ತದೆ, ಅದನ್ನು ಬೀಳಿಸಿದ ಕೈ ತನ್ನದು. ಹರಿಯದಿರಲಿ ಎಂದರೆ ಅಪ್ಪನೇ ಬೀಳುತ್ತಾರೆ. ಅವಳು ಬೆಲ್ಟನ್ನು ನೋಡುವುದೋ ಅಪ್ಪನ ಮುಖವನ್ನು ನೋಡುವುದೋ ಎಂದು ಕಣ್ಣನ್ನು ಮೇಲೆ ಕೆಳಗೆ ಮಾಡುತ್ತಿದ್ದಳು. ಎದುರು ಸಾಲಿನಲ್ಲಿ ಮೊರಿಯೊ ಮಂಡಿಯ ಮೇಲೆ ಮುಷ್ಟಿ ಬಿಗಿದು ಅದನ್ನೇ ಮಾಡುತ್ತಿದ್ದ.

ಎರಡನೆಯ ಹೆಜ್ಜೆ. ಉಸಿರು ಹೊರಗೆ, ಗಂಟಲಿನಿಂದಲ್ಲ, ಪಾತಾಳದಿಂದ ಬಂದ ಹಾಗೆ. ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು. ತುಟಿಯ ಅಂಚು ಬೂದಿಯ ಬಣ್ಣಕ್ಕೆ ತಿರುಗಿತ್ತು. ಏಪ್ರಿಲ್‌ನಲ್ಲಿ ಆಂಬುಲೆನ್ಸಿನೊಳಗೆ ನೋಡಿದ ಬಣ್ಣ ಅದು.

ಮೂರನೆಯ ಉಸಿರಿಗೆ ಬೆಲ್ಟು ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಒಂದು ಸಣ್ಣ ಟಕ್ ಎಂಬ ಶಬ್ದ, ಆಮೇಲೆ ಬೆಲ್ಟು ಮೇಷ್ಟ್ರ ಸೊಂಟದಿಂದ ಜಾರಿ ಪಾದದ ಸುತ್ತ ಬಿತ್ತು. ಜಾಕೀಟು ತೆರೆದುಕೊಂಡಿತು. ಒಳಗೆ ಪಕ್ಕೆಲುಬು ಎದ್ದು ಕಾಣುವ, ಬೆವರಿದ ಮುದಿ ಎದೆ. ಗೋಡೆಯ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಆ ಮಾತು ಎಲ್ಲರಿಗೂ ನೆನಪಿತ್ತು: ಹರಿದ ದಿನ ನೆಲದಿಂದ ಇಳೀತೀನಿ.

ಮೇಷ್ಟ್ರು ಇಳಿಯಲಿಲ್ಲ. ಕೆಳಗೆ ನೋಡಲೂ ಇಲ್ಲ. ಬೆಲ್ಟನ್ನು ದಾಟಿ ಮುಂದಿನ ಹೆಜ್ಜೆ ಇಟ್ಟರು, ಮತ್ತೆ ಉಸಿರನ್ನು ಒಳಗೆಳೆದುಕೊಂಡರು.

ಅಷ್ಟು ದಿನ ಕಟ್ಟಿಕೊಂಡಿದ್ದ ನಂಬಿಕೆ ಹಿಸಾಯೊಳ ಕಣ್ಣೆದುರೇ ಕುಸಿಯಿತು. ಇವರನ್ನು ಬೆಲ್ಟು ನಿಲ್ಲಿಸುವುದಿಲ್ಲ. ಯಾವ ಮಾತೂ ನಿಲ್ಲಿಸುವುದಿಲ್ಲ, ತಾವೇ ಆಡಿದ್ದಾದರೂ ಅಷ್ಟೆ. ಉಳಿದಿರುವವಳು ತಾನೊಬ್ಬಳು. ಅವಳು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಅಡುಗೆಯ ಏಪ್ರನ್ನು ಕಟ್ಟಿಕೊಂಡೇ ಆ ಹಲಗೆಗಳ ಮೇಲೆ ಕಾಲಿಟ್ಟಳು. "ಹಿಸಾಯೊ," ಎಂದಳು ತೊಮಿ ಅತ್ತೆ, ಅರ್ಧ ಗದರಿಕೆ, ಅರ್ಧ ಗಾಬರಿ. ಅವಳು ಅಪ್ಪನ ಹಿಂದೆ ಹೋಗಿ ನಿಂತು, ಎರಡೂ ಅಂಗೈಗಳನ್ನು ಅವರ ಭುಜದ ಮೇಲೆ ಇಟ್ಟಳು. ಭುಜ ಕಲ್ಲಾಗಿತ್ತು, ಆದರೆ ಕಲ್ಲಿನೊಳಗೆ ಏನೋ ಅಂಕೆಯಿಲ್ಲದೆ ಹಾರುತ್ತಿತ್ತು.

"ಅಪ್ಪ, ಸಾಕು," ಎಂದಳು. "ನಂಗೆ ಭಯ ಆಗ್ತಿದೆ. ಬೇಡ ಅಪ್ಪ."

ಮೇಷ್ಟ್ರ ತೋಳು ಹಾಗೆಯೇ ಮುಂದಿತ್ತು. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ. ಅದು ಎಷ್ಟು ಹೊತ್ತೋ. ಆಮೇಲೆ ಅವಳ ಅಂಗೈಯ ಕೆಳಗೆ ಭುಜಗಳು ನಿಧಾನವಾಗಿ ಇಳಿದವು. ಉಸಿರು ಸಾಮಾನ್ಯ ಮುದುಕನೊಬ್ಬನ ನಿಟ್ಟುಸಿರಾಗಿ ಹೊರಬಿತ್ತು. ಅವರು ಎರಡೂ ಕೈ ಕೂಡಿಸಿ ವರಸೆ ಮುಚ್ಚಿದರು, ಪೀಠಕ್ಕೆ ತಲೆಬಾಗಿದರು, ಬಗ್ಗಿ ಬೆಲ್ಟಿನ ಎರಡು ತುಂಡನ್ನು ಎತ್ತಿಕೊಂಡರು. ಬಗ್ಗುವಾಗ ಮಗಳ ತೋಳು ಹಿಡಿದುಕೊಂಡರು.

ಅಂಗಳದಲ್ಲಿ ಹಿತ್ತಾಳೆಯ ಬೋಗುಣಿಯಲ್ಲಿ ಸತ್ತವರ ಖರ್ಚಿಗೆಂದು ಕಾಗದದ ದುಡ್ಡು ಸುಡುತ್ತಿದ್ದರು. ದೊಡ್ಡ ಮೇಷ್ಟ್ರ ಹೆಸರಿನ ಹಲಗೆಯೂ ಇವತ್ತು ಅದೇ ಬೆಂಕಿಗೆ ಹೋಗಬೇಕು. ಜೆಂಕಿಚಿ ಮೇಷ್ಟ್ರು ಹಲಗೆಯನ್ನು ಬೋಗುಣಿಯೊಳಗೆ ಇಟ್ಟು, ಅದರ ಮೇಲೆ ಬೆಲ್ಟನ್ನೂ ಇಟ್ಟರು. "ಅವರು ಕೊಟ್ಟಿದ್ದು, ಅವರೇ ತಗೊಂಡು ಹೋಗ್ಲಿ."

ಮೊರಿಯೊ ಬೋಗುಣಿಯತ್ತ ಕೈ ಚಾಚಿದ. ತಡೆಯುವಷ್ಟರಲ್ಲಿ ಹತ್ತಿ ಹೊತ್ತಿಕೊಂಡಿತು. ಒಂದು ಕ್ಷಣ ಒಳ್ಳೆಯ ಬೆಂಕಿ. ಆಮೇಲೆ ಕರಿ ಹೊಗೆ ಎದ್ದು, ಎಲ್ಲರ ಮೂಗಿಗೂ ಘಾಟು ನಾತ ಬಡಿಯಿತು.

"ಏನೋ ಇದು, ಪ್ಲಾಸ್ಟಿಕ್ ಸುಟ್ಟ ನಾತ?" ತೊಮಿ ಅತ್ತೆ ಮೂಗು ಮುಚ್ಚಿಕೊಂಡಳು. "ಹತ್ತಿ ಬೆಲ್ಟಲ್ಲಿ ಇದೆಲ್ಲಿಂದ ಬಂತು?"

ಬೋಗುಣಿಯೊಳಗೆ ನೈಲಾನು ಕರಗಿ ಹನಿಹನಿಯಾಗಿ ಸಿಡಿಯುತ್ತಿತ್ತು. ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಬೆಲ್ಟಿಗೆ ಸೂಜಿ ಮುಟ್ಟಿಸಬಾರದ ಮನೆಯ ಗುಟ್ಟು ದೊಡ್ಡ ಮೇಷ್ಟ್ರ ಮೂಗಿನವರೆಗೂ ಹೋಗಿತ್ತು. ಮೊರಿಯೊ ಅಂಗಳದ ಹರಳಿನ ಮೇಲೆ ದೊಪ್ಪನೆ ಮಂಡಿಯೂರಿ ಹಣೆ ನೆಲಕ್ಕಿಟ್ಟ. "ಮೇಷ್ಟ್ರೇ, ಹೊಲಿದಿದ್ದು ನಾನು. ತಪ್ಪಾಯ್ತು."

"ಏಳೋ, ಮಂಡಿ ಹೋಗುತ್ತೆ," ಎಂದರು ಮೇಷ್ಟ್ರು. "ನೀನು ಹೊಲಿದ ದಿನಾನೇ ಗೊತ್ತಾಯ್ತು ನಂಗೆ."

ಮಧ್ಯಾಹ್ನ ಊಟ ಮುಗಿಸಿ ಜನ ಹೊರಟರು. ಅವಾಮೊರಿ ಹೆಂಡವನ್ನು ಒಂದು ಗುಟುಕು ಹೆಚ್ಚಾಗಿಯೇ ಹಾಕಿದ್ದ ತೊಮಿ ಅತ್ತೆ ಒಳಗೆ ಗೊರಕೆ ಹೊಡೆಯುತ್ತಿದ್ದಳು. ಅಪ್ಪ ಗರಡಿಯ ಹೊಸ್ತಿಲ ಮೇಲೆ ಕೂತಿದ್ದರು, ಹೊರಗೆ ಕಾಲು ಚಾಚಿ. ಹಿಸಾಯೊ ಮಲ್ಲಿಗೆ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು.

"ಹೊಲಿಗೆ ಕತ್ತರಿಸಿದ್ದು ನಾನು," ಎಂದಳು.

"ಗೊತ್ತು. ಕೈಗೆ ತಗೊಂಡಾಗ್ಲೇ ಸಡಿಲ ಇತ್ತು. ಮೊರಿಯೊಗೆ ಅಷ್ಟು ಧೈರ್ಯ ಇಲ್ಲ."

"ಮತ್ತೆ ಯಾಕೆ ಕಟ್ಟಿಕೊಂಡ್ರಿ? ಮೂರು ವರ್ಷದ ಹಿಂದೇನೇ ಹರಿದಿದ್ದು ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

ಮೇಷ್ಟ್ರು ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಭಯ ಕಣೆ," ಎಂದರು. "ಮಾತೇನೋ ಆಡಿಬಿಟ್ಟೆ, ಗಂಡಸಿನ ಹಾಗೆ. ಅದು ಹರಿದಿದ್ದು ಕೈಗೆ ಗೊತ್ತಾದಾಗ ಹೆದರಿದೆ. ನಿಲ್ಲಿಸಿದ್ರೆ ಸತ್ತುಹೋಗ್ತೀನಿ ಅನ್ನಿಸ್ತು. ಆ ಪೆದ್ದ ಹೊಲಿದುಕೊಟ್ಟ, ನಾನು ಗೊತ್ತಿಲ್ಲದೋನ ಹಾಗೆ ಕಟ್ಕೊಂಡೆ."

"ನಿಲ್ಲಿಸದಿದ್ರೆ ಸಾಯ್ತೀರಿ ಅಂತ ನಾನು ಹೆದರಿದ್ದೆ."

"ಹೂಂ. ಇವತ್ತು ಹೇಳಿದ್ಯಲ್ಲ."

"ಮುಂಚೇನೇ ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ," ಎಂದರು ಮೇಷ್ಟ್ರು, ಪ್ರಾಮಾಣಿಕವಾಗಿ. ಇಬ್ಬರಿಗೂ ಸಣ್ಣಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು.

ಬಿಸಿಲು ಎದುರು ಮನೆಯ ಗೋಡೆಗೆ ಸರಿದಿತ್ತು. ಅಪ್ಪನ ಜಾಕೀಟು ಇನ್ನೂ ತೆರೆದೇ ಇತ್ತು. ಹಿಸಾಯೊ ಅದರ ಎರಡು ಅಂಚನ್ನು ಹತ್ತಿರ ಎಳೆದು ಎದೆ ಮುಚ್ಚಿದಳು. ಕಟ್ಟಲು ಏನೂ ಇಲ್ಲದ್ದರಿಂದ ಕೈಯಲ್ಲೇ ಹಿಡಿದುಕೊಂಡಳು. ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅಪ್ಪ ಬದುಕಿದ್ದರು, ನೆಲದಿಂದ ಇಳಿದಿದ್ದರು, ಇನ್ನು ಆ ಹಲಗೆಗಳ ಮೇಲೆ ಕಾಲಿಡುವುದಿಲ್ಲ. ಅವಳು ಬೇಡಿದ್ದೆಲ್ಲ ಸಿಕ್ಕಿತ್ತು.

ಮೇಷ್ಟ್ರು ಹಿಂದಕ್ಕೆ ತಿರುಗಿ ಖಾಲಿ ಗರಡಿಯನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು. ಚಿಕ್ಕ ಹುಡುಗ ದಾರಿ ಕೇಳುವ ಹಾಗೆ ಕೇಳಿದರು:

"ನಾಳೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ, ಹಿಸಾಯೊ?"

ಬೆಲ್ಟು ಹರಿಯುವವರೆಗಿನದನ್ನೆಲ್ಲ ಅವಳು ಯೋಚಿಸಿದ್ದಳು. ಅದರಾಚೆ ಒಂದು ಬೆಳಿಗ್ಗೆ ಇದೆ ಎಂದು ಯೋಚಿಸಿರಲಿಲ್ಲ. ಜಾಕೀಟಿನ ಅಂಚನ್ನು ಬಿಡದೆ ಹಾಗೇ ಕೂತಳು.